ಗುರುವಾರದ ಕೆಂಪು ಹುಡಿ

ಲಿನೆಟ್ ಕಾಬೋಲ್ಡ್‌ಗೆ ಆ ಗುರುವಾರ ಬೆಳಿಗ್ಗೆ ತನ್ನ ದನಿಯ ಮೇಲೆಯೇ ಸಿಟ್ಟು ಬಂದಿತ್ತು. ಒಂದು ತಿಂಗಳಿಂದ ಆ ದನಿ ಮೈಕಿನಿಂದ ಹೊರಟು ಥಾರ್ಬಿಯ ಸ್ಪೀಡ್‌ವೇ ಮೈದಾನದ ತಗಡಿನ ಚಾವಣಿಗಳಿಗೆ ಬಡಿದು ವಾಪಸು ಬರುತ್ತಾ, ಎಲ್ಲರೂ ತಲಾ ಒಬ್ಬ ಹೊಸಬರನ್ನು ಕರೆತನ್ನಿ, ಹೊಸಬರಿಗೆ ಟಿಕೆಟ್ಟಿಲ್ಲ, ಸಂಕೋಚ ಬೇಡ, ಎಂದು ಊರಿಗೆಲ್ಲ ಬುದ್ಧಿ ಹೇಳಿತ್ತು. ಕರೆತರಬೇಕಾದ ದಿನ ಇವತ್ತು. ಹೇಳಿದವಳು ಮಾತ್ರ ಒಂದು ನರಪಿಳ್ಳೆಯನ್ನೂ ಕರೆದಿರಲಿಲ್ಲ. ಹಲ್ಲಿನ ಆಸ್ಪತ್ರೆಯಲ್ಲಿ ಸ್ವಾಗತದ ಮೇಜಿನ ಹಿಂದೆ ಕೂತು, ಬಂದವರ ಹೆಸರು ಕೇಳುತ್ತಾ, ಕೂರಿ ಎನ್ನುತ್ತಾ, ಇವರನ್ನು ಕರೆಯಲೇ ಎಂದು ಒಬ್ಬೊಬ್ಬರ ಮುಖವನ್ನೂ ಅಳೆಯುತ್ತಿದ್ದಳು. ಅಳೆದು ಅಳೆದು ಬಿಟ್ಟುಬಿಡುತ್ತಿದ್ದಳು. ಈ ಹೆಂಗಸು ತೀರಾ ಇಸ್ತ್ರಿ ಮಾಡಿಕೊಂಡು ಬಂದಿದ್ದಾಳೆ, ಆ ಗಂಡಸಿಗೆ ಹಲ್ಲು ನೋವು, ಹಲ್ಲು ನೋವಿದ್ದವನನ್ನು ಗದ್ದಲಕ್ಕೆ ಕರೆಯುವುದು ಪಾಪ. ಕರೆಯದಿರಲು ಕಾರಣ ಹುಡುಕುವುದರಲ್ಲಿ ತನಗಿರುವ ಚಾತುರ್ಯ ಕಂಡು ಅವಳಿಗೇ ನಗು ಬಂತು. ನಿಜವಾದ ಕಾರಣ ಒಂದೇ ಇತ್ತು, ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕರೆದರೆ ಅವರು ಕೇಳುವ ಪ್ರಶ್ನೆಯೂ ಗೊತ್ತಿತ್ತು. ಥಾರ್ಬಿಯಲ್ಲಿ ಯಾರ ಮುಂದೆ ಸ್ಪೀಡ್‌ವೇ ಎಂದರೂ ಹುಬ್ಬು ಮೇಲೇರಿಸಿ, ಸತ್ತ ದೊಡ್ಡಪ್ಪನ ಸುದ್ದಿ ಎತ್ತಿದ ಹಾಗೆ ದನಿ ತಗ್ಗಿಸಿ ಕೇಳುತ್ತಾರೆ: ಅದು ಇನ್ನೂ ನಡೀತಿದೆಯಾ?

ನಡೆಯುತ್ತಿತ್ತು. ಊರ ಹೊರಗೆ, ನಾಯಿ ಓಟದ ಮೈದಾನದ ಮಣ್ಣಿನ ಟ್ರ್ಯಾಕ್ ಮೇಲೆ, ನಾಲ್ಕು ನಾಲ್ಕು ಬೈಕುಗಳ ಓಟ, ಏಪ್ರಿಲ್‌ನಿಂದ ಸೆಪ್ಟೆಂಬರಿನ ತನಕ ಪ್ರತಿ ಗುರುವಾರ, ಮಳೆ ಬಾರದಿದ್ದರೆ. ತಂಡದ ಹೆಸರು ಥಾರ್ಬಿ ಹೆರನ್ಸ್, ಅಂದರೆ ಬಕಪಕ್ಷಿಗಳು. ನೋಡಲು ಬರುವವರಿಗೂ ಆ ಹೆಸರು ಒಪ್ಪುತ್ತಿತ್ತು: ವಯಸ್ಸಾದ ಜನ, ಜಿನುಗು ಮಳೆಯಲ್ಲಿ ಕುತ್ತಿಗೆ ಒಳಗೆಳೆದುಕೊಂಡು, ಬೇಲಿಗೆ ಒರಗಿ, ಮುಂದಿನ ಓಟಕ್ಕಾಗಿ ಬಕಧ್ಯಾನ ಮಾಡುತ್ತಿದ್ದರು. ವರ್ಷಕ್ಕೆ ಒಂದಿಬ್ಬರು ಸಾಯುತ್ತಿದ್ದರು. ಅವರ ಜಾಗಕ್ಕೆ ಯಾರೂ ಬರುತ್ತಿರಲಿಲ್ಲ. ತಂಡ ನಡೆಸುವ ಗಾರ್ತ್ ಪಾಡ್ಲಿ ವಸಂತದಲ್ಲೇ ಅವಳಿಗೆ ಹೇಳಿಬಿಟ್ಟಿದ್ದ, 'ಈ ಬೇಸಿಗೇಲಿ ಜನ ಹೆಚ್ಚದೇ ಇದ್ರೆ ಸೆಪ್ಟೆಂಬರಿಗೆ ಗೇಟು ಹಾಕ್ತೀನಿ ಲಿನ್. ಮತ್ತೆ ತೆಗೆಯಲ್ಲ.' ಅವನು ಸುಳ್ಳು ಹೇಳುವವನಲ್ಲ. ಗೇಟು ಹಾಕಿದರೆ ತನ್ನ ಗುರುವಾರಗಳು ಏನಾಗುತ್ತವೆ ಎಂದು ಅವಳು ಯೋಚಿಸಲು ಹೋಗಿ, ಅಡುಗೆಮನೆಯ ಗಡಿಯಾರವೊಂದನ್ನು ಬಿಟ್ಟು ಬೇರೇನೂ ಕಾಣದೆ, ಯೋಚಿಸುವುದನ್ನು ನಿಲ್ಲಿಸಿದ್ದಳು.

ಆಸ್ಪತ್ರೆಯಲ್ಲಿ ಯಾರಿಗೂ ಅವಳ ಗುರುವಾರ ಗೊತ್ತಿರಲಿಲ್ಲ. ಸೇರಿದ ಮೊದಲ ವಾರವೇ ಅವಳು ಒಂದು ಸುಳ್ಳು ಹೇಳಿ ಬೇಲಿ ಹಾಕಿಕೊಂಡಿದ್ದಳು. ಗುರುವಾರ ಸಂಜೆ ಚರ್ಚಿನಲ್ಲಿ ಹಾಡಿನ ಅಭ್ಯಾಸ ಇರುತ್ತದೆ, ಬೇಗ ಹೊರಡಬೇಕು. ಶುಕ್ರವಾರ ಅವಳ ಗಂಟಲು ಬಿದ್ದಿರುತ್ತಿದ್ದುದಕ್ಕೂ ಆ ಸುಳ್ಳು ಹೇಳಿ ಮಾಡಿಸಿದಂತೆ ಹೊಂದುತ್ತಿತ್ತು. ಚರ್ಚಿನವರು ನಿಮ್ಮಿಂದ ತುಂಬಾ ಹಾಡಿಸ್ತಾರೆ ಎಂದು ಯಾರಾದರೂ ಮರುಗಿದರೆ ಅವಳು ಕಣ್ಣು ಕೆಳಗೆ ಮಾಡುತ್ತಿದ್ದಳು. ಅದನ್ನು ಅವರು ಭಕ್ತಿ ಎಂದುಕೊಳ್ಳುತ್ತಿದ್ದರು. ಇಷ್ಟಕ್ಕೂ ಮೈಕಿನ ಮುಂದೆ ಕೂತಾಗ ಅವಳಿಗೆ ನಾಚಿಕೆ ಎಂಬುದೇ ಇರುತ್ತಿರಲಿಲ್ಲ. ಮೈದಾನದ ಎತ್ತರದ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂತು ಅವಳು ಗೆದ್ದವರ ಹೆಸರು ಕೂಗಿದರೆ ಮುದುಕರು ಟೊಪ್ಪಿ ಹಾರಿಸುತ್ತಿದ್ದರು. ಥಾರ್ಬಿಯ ಒಳಗೆ ಬಂದೊಡನೆ ಮಾತ್ರ ಆ ದನಿ ಸಣ್ಣಗಾಗುತ್ತಿತ್ತು. ಒಂದು ಮುಖ ಮೈದಾನಕ್ಕೆ, ಒಂದು ಮುಖ ಊರಿಗೆ. ಎರಡೂ ತನ್ನದೇ ಎಂದು ಅವಳು ವಾದಿಸಬಲ್ಲವಳಾಗಿದ್ದಳು, ಆದರೆ ಎದುರು ವಾದ ಮಾಡುವವರು ಯಾರೂ ಇರಲಿಲ್ಲ.

ಮಧ್ಯಾಹ್ನ ಗಾರ್ತ್ ಫೋನು ಮಾಡಿದ. ಅವನ ದನಿಯಲ್ಲಿ ಮದುವೆ ಮನೆಯ ಗಡಿಬಿಡಿ ಇತ್ತು.

'ಎಲ್ಲಾ ರೆಡಿ ಕಣೇ. ಹೊಸಬರನ್ನೆಲ್ಲ ಗಾಜಿನ ಹಾಲಲ್ಲಿ ಕೂರಿಸ್ತೀನಿ, ನಾಯಿ ಓಟದೋರು ಊಟ ಮಾಡ್ತಾರಲ್ಲ, ಅಲ್ಲಿ. ಗದ್ದಲ ಕೇಳಲ್ಲ, ವಾಸನೆ ಬರಲ್ಲ. ಇನ್ನೊಂದ್ ಕೆಲ್ಸ ಮಾಡಿದ್ದೀನಿ. ಟ್ರ್ಯಾಕ್ ಮೇಲಿನ ಸಡಿಲ ಮಣ್ಣನ್ನೆಲ್ಲ ಕೆರೆಸಿ ಬೇಲಿ ಪಕ್ಕಕ್ಕೆ ತಳ್ಳಿಸಿದ್ದೀನಿ. ಒಬ್ರ ಮೇಲೂ ಒಂದು ಕಾಳು ಮಣ್ಣು ಹಾರಲ್ಲ ನೋಡು. ನಮ್ಮನೇಲಿ ನೆಲ ಒರೆಸಿದ ಹಾಗಿದೆ.'

'ಅಷ್ಟೂ ಕೆರೆಸ್ದ್ಯಾ?' ಎಂದಳು ಲಿನೆಟ್.

'ಹೊಸಬರು ಮೊದಲ ಸಲ ಬರೋವಾಗ ನಾವು ಕೊಳಕರ ಹಾಗೆ ಕಾಣ್ಬಾರ್ದು. ಎಲ್ರೂ ಅನ್ನೋದು ಅದೇ ತಾನೇ, ಕೊಳಕು ಆಟ, ಕೊಳಕು ಜಾಗ ಅಂತ.'

ಏನೋ ತಪ್ಪಾಗುತ್ತಿದೆ ಎಂದು ಅವಳಿಗೆ ಗೊತ್ತಾಯಿತು. ಆದರೆ ಬಾಯಿ, ಒಳ್ಳೇದೇ ಆಯ್ತು, ಎಂದಿತು. ಕೊಳಕು ಎಂಬ ಮಾತು ಬಂದರೆ ಅವಳ ಬಾಯಿ ಯಾವತ್ತೂ ಹಾಗೆಯೇ. ಫೋನು ಇಟ್ಟ ಮೇಲೂ ಕೈ ಕಿವಿಯ ಹತ್ತಿರವೇ ಇತ್ತು, ಮತ್ತು ಅವಳು ಚಿಕ್ಕಂದಿನ ಶಾಲೆಯ ಕಾರಿಡಾರಿನಲ್ಲಿ ನಿಂತಿದ್ದಳು. ಶುಕ್ರವಾರ ಬೆಳಿಗ್ಗೆ, ಪ್ರಾರ್ಥನೆಗೆ ಮುಂಚೆ. ಟೀಚರು ಅವಳ ಜಡೆಯನ್ನು ಎರಡು ಬೆರಳಲ್ಲಿ ಎತ್ತಿ, ಜಡೆಯಿಂದ ಉದುರಿದ ಕೆಂಪು ಹುಡಿಯನ್ನು ತಮ್ಮ ಅಂಗೈ ಮೇಲೆ ಹಿಡಿದು ಎಲ್ಲರಿಗೂ ತೋರಿಸಿ, ನಿಮ್ಮನೇಲಿ ನೀರು ಬರಲ್ವೇನಮ್ಮ ಎಂದಿದ್ದರು. ಬೈದಿರಲಿಲ್ಲ, ಕರುಣೆಯಿಂದಲೇ ಕೇಳಿದ್ದರು. ಆ ಕರುಣೆಯೇ ಉಳಿದುಬಿಟ್ಟಿತು. ಹುಡಿ ಹಿಂದಿನ ಸಂಜೆಯದು. ಮೊದಲ ತಿರುವಿನಲ್ಲಿ ಅಪ್ಪನ ಕೋಟಿನೊಳಗೆ ಹುದುಗಿ ನಿಂತವಳ ಮೇಲೆ ನಾಲ್ಕು ಗಾಡಿಗಳು ಅಡ್ಡಡ್ಡ ಜಾರಿಕೊಂಡು ಹೋಗುತ್ತಾ ಎರಚಿದ್ದು. ಎರಚಿದಾಗ ಅಪ್ಪ ನಕ್ಕಿದ್ದ. ಅವಳೂ ನಕ್ಕಿದ್ದಳು, ಬಾಯಿ ತೆರೆದು ನಕ್ಕಾಗ ಹಲ್ಲಿನಲ್ಲಿ ಹುಡಿ ಕರಕರ ಎಂದಿತ್ತು. ಆ ಶುಕ್ರವಾರದಿಂದ ಇವತ್ತಿನವರೆಗೆ ಅವಳು ಗುರುವಾರ ಮನೆಗೆ ಹೋದೊಡನೆ ತಲೆಗೆ ನೀರು ಹಾಕಿಕೊಳ್ಳುತ್ತಾಳೆ, ಜ್ವರವಿದ್ದರೂ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಅವಳ ಪಾಲಿಗೆ ಬಾಯಿಯೇ ಕೆಸರಾಗಿದ್ದ ಸುಖವನ್ನು ಯಾರಿಗೂ ಹೇಳುವ ಹಾಗಿರಲಿಲ್ಲ.

ಮೂರು ಗಂಟೆಯ ಹೊತ್ತಿಗೆ ಒಳಗಿನಿಂದ ಒಬ್ಬ ದಪ್ಪ ಮನುಷ್ಯ ಕೆನ್ನೆ ಹಿಡಿದುಕೊಂಡು ಬಂದ. ಅರ್ಧ ಬಾಯಿಗೆ ಜೋಮು ಹಿಡಿದಿತ್ತು, ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಲಿನೆಟ್‌ಗೆ ಒಮ್ಮೆಲೇ ಧೈರ್ಯ ಬಂತು. ಈ ಮನುಷ್ಯ ಆ ಪ್ರಶ್ನೆ ಕೇಳಲಾರ. ಅವಳು ಮೇಜಿನ ಮೇಲೆ ಬಾಗಿ, ಕದ್ದ ಮಾಲು ಮಾರುವವಳ ಹಾಗೆ, ಇವತ್ತು ಸಂಜೆ ಸ್ಪೀಡ್‌ವೇ ಇದೆ, ಹೊಸಬರಿಗೆ ಪುಕ್ಕಟೆ, ಏಳೂವರೆಗೆ, ಎಂದಳು. ಅವನು ಒಂದು ಕಣ್ಣಿನಿಂದ ಅವಳನ್ನೇ ನೋಡಿ, ತಲೆಯನ್ನು ಹೌದು ಎಂದೂ ಅಲ್ಲ ಎಂದೂ ತಿಳಿಯಬಹುದಾದಂತೆ ಆಡಿಸಿ ಹೊರಟುಹೋದ. ಇದನ್ನು ಲೆಕ್ಕಕ್ಕೆ ಹಿಡಿಯಬಹುದೇ ಎಂದು ಅವಳು ಯೋಚಿಸುತ್ತಿರುವಾಗ ಹಿಂದಿನಿಂದ ಒಂದು ದನಿ ಬಂತು.

'ಲಿನೆಟ್, ಅವ್ರಿಗೆ ಏನೋ ಹೇಳ್ತಿದ್ರಲ್ಲ. ಬೈಕ್ ರೇಸಾ?'

ಬಾಗಿಲಲ್ಲಿ ಇಮೋಜೆನ್ ನಿಂತಿದ್ದಳು. ಮೂರು ವರ್ಷದ ಹಿಂದೆ ದೊಡ್ಡ ಊರಿನಿಂದ ಬಂದ ಹಲ್ಲಿನ ಡಾಕ್ಟರು, ಮೂವತ್ತರ ಆಸುಪಾಸು. ಅವಳ ಕೈಗಳಿಂದ ಯಾವಾಗಲೂ ಸೋಪಿನ ವಾಸನೆ ಬರುತ್ತಿತ್ತು. ಪೆನ್ನನ್ನು ಕೂಡ ಒರೆಸಿ ಇಡುವವಳು. ಲಿನೆಟ್ ಎಲ್ಲರನ್ನೂ ಅಳೆದಿದ್ದರೂ ಈ ಒಬ್ಬಳನ್ನು ಅಳೆಯುವ ಗೋಜಿಗೇ ಹೋಗಿರಲಿಲ್ಲ.

'ಏನಿಲ್ಲ ಡಾಕ್ಟ್ರೇ. ಇಲ್ಲೇ ಊರಾಚೆ ಒಂದು ನಡೆಯುತ್ತೆ. ಸ್ಪೀಡ್‌ವೇ ಅಂತ.'

'ಓ. ಅದು ಇನ್ನೂ ನಡೀತಿದೆಯಾ?'

'ನಡೀತಿದೆ, ಹೆಂಗೋ.'

'ನಂಗೂ ಇವತ್ತು ಸಂಜೆ ಏನೂ ಕೆಲ್ಸ ಇಲ್ಲ. ಹೊಸಬರಿಗೆ ಪುಕ್ಕಟೆ ಅಂದ್ರಲ್ಲ, ನಾನೂ ಬರ್ಲಾ?' ಎಂದಳು ಇಮೋಜೆನ್. 'ಆದ್ರೆ ಗುರುವಾರ ನಿಮಗೆ ಹಾಡಿನ ಅಭ್ಯಾಸ ಅಲ್ವಾ?'

'ಇವತ್ತು ರಜೆ,' ಎಂದಳು ಲಿನೆಟ್. ಹಳೆಯ ಸುಳ್ಳಿಗೆ ಹೊಸ ತೇಪೆ. ಆಮೇಲೆ ಬಾಯಿ ತಾನೇ ತಾನಾಗಿ ಮುಂದುವರಿಯಿತು: 'ಅಂಥಾ ಚೆನ್ನಾಗೇನೂ ಇರಲ್ಲ ಡಾಕ್ಟ್ರೇ. ಗದ್ದಲ. ಮಧ್ಯೆ ಮಧ್ಯೆ ತುಂಬಾ ಕಾಯಿಸ್ತಾರೆ. ಟಾಯ್ಲೆಟ್ಟೂ ಅಷ್ಟಕ್ಕಷ್ಟೆ. ಬೇಜಾರಾದ್ರೆ ಎದ್ದು ಹೋಗ್ಬಿಡಿ, ಯಾರೂ ಏನೂ ಅಂದ್ಕೊಳ್ಳಲ್ಲ.'

ತನ್ನ ಮೊಸರು ಹುಳಿ ಎಂದು ಯಾರೂ ಹೇಳುವುದಿಲ್ಲವಂತೆ. ಹೇಳುವ ಜನ ಥಾರ್ಬಿಯಲ್ಲಿದ್ದರು. ಲಿನೆಟ್ ಒಬ್ಬಳೇ ಅಲ್ಲ, ಅವಳ ಬಕಪಕ್ಷಿಗಳೆಲ್ಲ ಹೀಗೆಯೇ ಎಂದು ಅವಳಿಗೆ ಆಗ ಹೊಳೆಯಿತು. ಯಾರನ್ನಾದರೂ ಕರೆಯಬೇಕಾಗಿ ಬಂದರೆ ಮೊದಲು ಕ್ಷಮೆ ಕೇಳಿ, ಆಮೇಲೆ ಕರೆದು, ಕೊನೆಗೆ ಬರದಿದ್ದರೂ ಪರವಾಗಿಲ್ಲ ಎಂದು ಬಾಗಿಲು ತಾವೇ ಮುಚ್ಚಿ ಬರುತ್ತಿದ್ದರು.

ಸಂಜೆ ಚೆನ್ನಾಗಿತ್ತು. ಜೂನ್ ತಿಂಗಳ ಬಿಸಿಲು ಏಳು ಗಂಟೆಯಾದರೂ ಇಳಿಯುವ ಮನಸ್ಸು ಮಾಡಿರಲಿಲ್ಲ. ಗೇಟಿನಲ್ಲಿ ಕಂಡ ಸಾಲು ನೋಡಿ ಲಿನೆಟ್ ಬೆಚ್ಚಿದಳು. ಮುದುಕರು ತಮ್ಮ ಸೊಸೆಯರನ್ನು, ಪಕ್ಕದ ಮನೆಯವರನ್ನು, ಒಬ್ಬ ತನ್ನ ಪಾದ್ರಿಯನ್ನು ಕೂಡ ಎಳೆದುಕೊಂಡು ಬಂದಿದ್ದ. ಅಂದರೆ ಅವಳ ದನಿ ಕೆಲಸ ಮಾಡಿತ್ತು, ಅವಳೊಬ್ಬಳನ್ನು ಬಿಟ್ಟು ಎಲ್ಲರ ಮೇಲೂ. ಮೊದಲ ತಿರುವಿನಲ್ಲಿ, ಬೇಲಿಯ ಪಕ್ಕ, ವಿಲ್ಫ್ ಎಂದಿನ ಜಾಗದಲ್ಲಿ ನಿಂತಿದ್ದ. ಎಂಬತ್ತು ದಾಟಿದವನು, ಅವಳ ಅಪ್ಪನ ಪಕ್ಕದಲ್ಲಿ ನಿಲ್ಲುತ್ತಿದ್ದವನು. ಒಂದು ಕೈಯಲ್ಲಿ ಅಂಕ ಬರೆದುಕೊಳ್ಳಲು ಹಲಗೆ, ಇನ್ನೊಂದರಲ್ಲಿ ಕಾಗದದ ಪೊಟ್ಟಣದಲ್ಲಿ ಬಿಸಿ ಚಿಪ್ಸ್, ಕಂಕುಳಲ್ಲಿ ಮನೆಯಿಂದ ತಂದ ಬಾಣಲೆ ಮುಚ್ಚಳ. ಆ ತಿರುವಿನಲ್ಲಿ ನಿಲ್ಲುವವರೆಲ್ಲ ಮುಚ್ಚಳ ತರುತ್ತಿದ್ದರು. ಗಾಡಿಗಳು ಬರುವಾಗ ಬೆನ್ನು ತಿರುಗಿಸಿ ಚಿಪ್ಸ್ ಮುಚ್ಚಿಕೊಳ್ಳುವುದು, ಹೋದ ಮೇಲೆ ಮುಚ್ಚಳ ಕೊಡವಿ ತಿನ್ನುವುದು. ಇದನ್ನು ಯಾರೂ ಯಾರಿಗೂ ಕಲಿಸಿದ್ದಲ್ಲ.

'ಇವತ್ತು ಮುಚ್ಚಳಕ್ಕೆ ಕೆಲ್ಸ ಇಲ್ವಂತೆ,' ಎಂದ ವಿಲ್ಫ್. 'ಟ್ರ್ಯಾಕ್ ನೋಡಿದ್ಯಾ ಮಗಳೇ? ಗಾರ್ತ್ ಅದನ್ನ ಡಾನ್ಸ್ ಹಾಲ್ ಮಾಡಿಟ್ಟಿದ್ದಾನೆ.'

'ಹೊಸಬರು ಬರ್ತಾರೆ ಅಂತ.'

'ಜನ ಯಾಕೆ ಬರಲ್ಲ, ಯಾಕೆ ಬರಲ್ಲ ಅಂತ ಇವ್ನು ತಲೆ ಚಚ್ಕೊಳ್ತಾನೆ. ಒಂದು ನಿಮಿಷ ಓಟ, ಹತ್ತು ನಿಮಿಷ ನೆಲ ಸಮ ಮಾಡೋ ಟ್ರ್ಯಾಕ್ಟರು. ಹೋದ ವಾರ ನಮ್ಮ ಕಡೆ ಓಡ್ಸಿದೋನು ಈ ವಾರ ಎದುರು ಪಾರ್ಟಿ. ನಾಲ್ಕು ಹನಿ ಬಿದ್ರೆ ಎಲ್ರೂ ಮನೆಗೆ. ಇದ್ಯಾಕೆ ಹಿಂಗೆ ಅಂತ ನಂಗೇ ಇನ್ನೂ ಅರ್ಥ ಆಗಿಲ್ಲ, ಹೊಸಬ್ರಿಗೇನಾಗುತ್ತೆ.'

'ಮತ್ತೆ ನೀವ್ಯಾಕೆ ಬರ್ತೀರಿ?'

'ಆ ಒಂದು ನಿಮಿಷಕ್ಕೆ ಕಣಮ್ಮ,' ಎಂದು ಅವನು ಚಿಪ್ಸ್ ಬಾಯಿಗೆ ಹಾಕಿಕೊಂಡ.

ಆ ಒಂದು ನಿಮಿಷವೂ ಅವತ್ತು ಸತ್ತುಹೋಗಿತ್ತು. ಎತ್ತರದ ಕೋಣೆಯಲ್ಲಿ ಮೈಕ್ ಹಿಡಿದು ಕೂತ ಲಿನೆಟ್‌ಗೆ ಮೊದಲ ಓಟದಲ್ಲೇ ಅದು ಕಂಡಿತು. ಸಡಿಲ ಮಣ್ಣಿದ್ದರೆ ಹಿಂದಿನ ಚಕ್ರ ಅದರೊಳಗೆ ಕಚ್ಚಿ, ಗಾಡಿ ಪೂರ್ತಿ ಅಡ್ಡವಾಗಿ, ಹೊರಗಿನಿಂದ ಸುತ್ತಿ ಬಂದವನು ಒಳಗಿದ್ದವನನ್ನು ನುಂಗಿಹಾಕಬಹುದು. ಕೆರೆದ ನೆಲದಲ್ಲಿ ಕಚ್ಚಲು ಏನಿದೆ? ಯಾರು ಮೊದಲು ಹೊರಟರೋ ಅವರೇ ಮೊದಲು ಬಂದರು, ಎರಡನೆಯವನು ಎರಡನೆಯವನಾಗಿ, ರೈಲಿನ ಡಬ್ಬಿಗಳ ಹಾಗೆ ನಾಲ್ಕು ಸುತ್ತೂ ಒಬ್ಬರ ಹಿಂದೆ ಒಬ್ಬರು. ಎರಡನೆಯ ಓಟವೂ ಅದೇ. ಮೂರನೆಯದೂ ಅದೇ. ಗಾರ್ತ್ ಕೊಟ್ಟ ಮಾತುಗಳನ್ನು ಅವಳು ಓದುತ್ತಿದ್ದಳು: ಕುಟುಂಬದವರೆಲ್ಲ ಕೂಡಿ ನೋಡುವ ಸ್ವಚ್ಛ ಮನರಂಜನೆಗೆ ಸ್ವಾಗತ. ಓದುತ್ತಿರುವಾಗಲೇ ಕೆಳಗಿನ ಗಾಜಿನ ಹಾಲಿನಲ್ಲಿ ಹೊಸಬರ ತಲೆಗಳು ಒಂದೊಂದಾಗಿ ಫೋನಿನ ಕಡೆ ಬಾಗುವುದು ಕಾಣುತ್ತಿತ್ತು. ಇಮೋಜೆನ್ ಕೆನೆಬಣ್ಣದ ಜಾಕೆಟ್ ಹಾಕಿಕೊಂಡು ಕಿಟಕಿಯ ಪಕ್ಕ ನೆಟ್ಟಗೆ ಕೂತಿದ್ದಳು, ಶಾಲೆಯ ವಾರ್ಷಿಕೋತ್ಸವಕ್ಕೆ ಬಂದ ಅತಿಥಿಯ ಹಾಗೆ. ನಾಲ್ಕನೆಯ ಓಟ ಮುಗಿದು ಟ್ರ್ಯಾಕ್ಟರು ಇಳಿದಾಗ ಲಿನೆಟ್ ಹೇಗೋ ಎದ್ದು ಕೆಳಗೆ ಹೋದಳು. ಆ ಮೆಟ್ಟಿಲುಗಳಷ್ಟು ಉದ್ದದ ಮೆಟ್ಟಿಲುಗಳನ್ನು ಅವಳು ಇಳಿದೇ ಇರಲಿಲ್ಲ. ಇಷ್ಟು ಹೊತ್ತಿಗೆ ಇಮೋಜೆನ್ ಧ್ವನಿವರ್ಧಕದಲ್ಲಿ ಅವಳ ದನಿ ಕೇಳಿ ಎಲ್ಲ ಅರ್ಥ ಮಾಡಿಕೊಂಡಿರುತ್ತಾಳೆ.

'ನಿಮ್ಮ ದನಿ ಎಷ್ಟು ಸ್ಪಷ್ಟ ಕೇಳ್ತಿದೆ,' ಎಂದಳು ಇಮೋಜೆನ್. ಹಾಡಿನ ಮಾತೇ ಎತ್ತಲಿಲ್ಲ. ಆ ಸಭ್ಯತೆಗಿಂತ ಕೆನ್ನೆಗೆ ಹೊಡೆದಿದ್ದರೆ ವಾಸಿಯಿತ್ತು ಎಂದುಕೊಂಡಳು ಲಿನೆಟ್.

'ಬೇಜಾರಾಗ್ತಿದೆಯಾ?'

'ಇಲ್ಲಪ್ಪ, ಚೆನ್ನಾಗಿದೆ. ಕಾಫಿನೂ ಬಿಸಿಯಾಗಿದೆ.' ಇಮೋಜೆನ್ ಏನಾದರೂ ಕೇಳಬೇಕಲ್ಲ ಎಂದು ಕೇಳಿದಳು, 'ಅವ್ರಿಗೆ ಬ್ರೇಕ್ ಯಾವ ಕೈಯಲ್ಲಿರುತ್ತೆ?'

'ಬ್ರೇಕಿರಲ್ಲ.'

'ಯಾಕೆ, ಕೆಟ್ಟಿದೆಯಾ?'

'ಕೆಟ್ಟಿಲ್ಲ. ಈ ಗಾಡಿಗಳಿಗೆ ಬ್ರೇಕೇ ಇಡಲ್ಲ. ಯಾರ ಗಾಡಿಗೂ ಇಲ್ಲ.'

ಇಮೋಜೆನ್ ಬಟ್ಟಲು ಕೆಳಗಿಟ್ಟಳು. ಆ ಸಂಜೆ ಮೊದಲ ಸಲ ಅವಳ ಕಣ್ಣು ಗಾಜಿನ ಆಚೆಗೆ ಹೋಯಿತು. 'ಬ್ರೇಕಿಲ್ದೆ ಅಷ್ಟು ಜೋರಾಗಿ ತಿರುವಿಗೆ ಹೋಗ್ತಾರಾ? ಮತ್ತೆ ಇದನ್ನ ಯಾರೂ ಹೇಳ್ಲೇ ಇಲ್ವಲ್ಲ ಲಿನೆಟ್.'

ಯಾರೂ ಹೇಳಿರಲಿಲ್ಲ. ಲಿನೆಟ್ ಮೆಟ್ಟಿಲು ಹತ್ತುತ್ತಾ ಅದನ್ನೇ ಯೋಚಿಸಿದಳು. ಇಷ್ಟು ವರ್ಷ ಮೈಕಿನಲ್ಲಿ ಅವಳು ಎಷ್ಟೋ ಹೇಳಿದ್ದಳು, ಯಾವ ಸವಾರನ ಮಂಡಿ ವಾಸಿಯಾಯಿತು, ಯಾರ ವಿಮಾನ ತಡವಾಯಿತು, ಕಳೆದುಹೋದ ಟೊಪ್ಪಿ ಯಾವ ಗೇಟಿನಲ್ಲಿದೆ. ಬ್ರೇಕಿಲ್ಲ ಎಂದು ಒಂದು ದಿನವೂ ಹೇಳಿರಲಿಲ್ಲ. ಎಲ್ಲರಿಗೂ ಗೊತ್ತಿದ್ದ ಮಾತು, ಹೇಳುವುದೇಕೆ. ಆ ಎಲ್ಲರೂ ಯಾರು? ಬೇಲಿಗೆ ಒರಗಿ ನಿಂತ ಆ ನೂರಿನ್ನೂರು ಜನ. ಮನೆಯ ಒಳ್ಳೆಯ ಸಾಮಾನನ್ನೆಲ್ಲ ಅಟ್ಟದ ಮೇಲಿಟ್ಟು, ಬಂದವರಿಗೆ ಒರೆಸಿದ ನೆಲ ತೋರಿಸಿದ್ದೇವೆ. ತಪ್ಪು ಗಾರ್ತ್ ಒಬ್ಬನದಲ್ಲ. ಅವನ ಟ್ರ್ಯಾಕ್ಟರು ಇವತ್ತು ಮಾಡಿದ್ದನ್ನು ನಾನು ಪ್ರತಿ ಗುರುವಾರ ಬಚ್ಚಲಲ್ಲಿ ಮಾಡುತ್ತಾ ಬಂದಿದ್ದೇನೆ. ಇದನ್ನು ಅಂದುಕೊಂಡಾಗ ಅವಳಿಗೆ ಅಳು ಬರಬಹುದು ಎನ್ನಿಸಿತ್ತು, ಬರಲಿಲ್ಲ. ಬದಲಿಗೆ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಮುಂದಿನ ಮೂರು ಓಟಗಳ ಫಲಿತಾಂಶವನ್ನು ಅವಳು ಸರಿಯಾಗಿಯೇ ಹೇಳಿದಳು. ವಿರಾಮ ಬಂತು. ಗಾಜಿನ ಹಾಲಿನಲ್ಲಿ ಕೆಲವರು ಕೋಟು ಹಾಕಿಕೊಳ್ಳುತ್ತಿದ್ದರು. ಅವಳು ತಂತಿಯಿಲ್ಲದ ಮೈಕನ್ನು ಎತ್ತಿಕೊಂಡು ಇಳಿದು, ಜನರ ನಡುವೆ ನಡೆದು, ಮೊದಲ ತಿರುವಿನ ಬೇಲಿಯ ಹತ್ತಿರ, ಅಪ್ಪ ನಿಲ್ಲುತ್ತಿದ್ದ ಜಾಗದಲ್ಲಿ, ವಿಲ್ಫ್‌ನ ಪಕ್ಕ ನಿಂತಳು.

'ಗಾಜಿನ ಹಾಲಲ್ಲಿರೋ ಹೊಸಬರಿಗೆ ಒಂದು ಮಾತು,' ಎಂದಳು. ಅವಳ ದನಿ ಚಾವಣಿಗೆ ಬಡಿದು ಅವಳಿಗೇ ವಾಪಸು ಬಂತು. ಅದು ದೊಡ್ಡದಾಗಿತ್ತು. 'ನನ್ನ ಹೆಸರು ಲಿನೆಟ್ ಕಾಬೋಲ್ಡ್. ಹಲ್ಲಿನ ಆಸ್ಪತ್ರೇಲಿ ಕೆಲ್ಸ ಮಾಡ್ತೀನಿ. ಚಿಕ್ಕವಳಿದ್ದಾಗಿಂದ ಪ್ರತಿ ಗುರುವಾರ ಇಲ್ಲಿಗೇ ಬರೋದು. ನಾನು ಯಾವ ಚರ್ಚಲ್ಲೂ ಹಾಡಲ್ಲ.'

ಬಕಪಕ್ಷಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಾಡಿನ ಮಾತು ಯಾಕೆ ಬಂತೆಂದು ಅಲ್ಲಿ ಒಬ್ಬಳನ್ನು ಬಿಟ್ಟು ಯಾರಿಗೂ ತಿಳಿಯಲಿಲ್ಲ.

'ಇಲ್ಲೀವರೆಗೆ ನೀವು ನೋಡಿದ್ದು ಸ್ಪೀಡ್‌ವೇ ಅಲ್ಲ. ನಿಮ್ಮ ಬಟ್ಟೆ ಕೊಳೆಯಾಗ್ಬಾರ್ದು ಅಂತ ನಾವೇ ನೆಲ ಕೆರೆದು ಇಟ್ವಿ. ಮಣ್ಣಿಲ್ದೆ ಈ ಗಾಡಿಗಳಿಗೆ ಜೀವ ಇಲ್ಲ. ಇನ್ನೊಂದು ವಿಷ್ಯ ನಿಮ್ಗೆ ಯಾರೂ ಹೇಳಿಲ್ಲ, ಹೇಳ್ಬೇಕಾಗಿದ್ದೋಳು ನಾನು. ಈ ಗಾಡಿಗಳಿಗೆ ಬ್ರೇಕಿಲ್ಲ. ನಾಲ್ಕು ಜನ, ಬ್ರೇಕಿಲ್ದೆ, ಈಗ ನಾನು ನಿಂತಿರೋ ಜಾಗಕ್ಕೆ ಒಟ್ಟಿಗೇ ಬರ್ತಾರೆ. ನೋಡೋರು ಇಲ್ಲಿಗೆ ಬನ್ನಿ. ಕೊಳೆ ಆಗ್ತೀರಿ, ಮೊದ್ಲೇ ಹೇಳ್ತಿದ್ದೀನಿ. ಗಾರ್ತ್, ನಿಂಗೆ ಕೇಳ್ತಿದೆ ಅಂತ ಗೊತ್ತು. ಬೇಲಿ ಪಕ್ಕ ತಳ್ಸಿರೋ ಮಣ್ಣನ್ನ ವಾಪಸ್ ಎಳೆಸು.'

ಆಮೇಲೆ ವಿಲ್ಫ್ ತನ್ನ ಮುಚ್ಚಳವನ್ನು ಬೇಲಿಯ ಕಂಬಿಗೆ ಬಡಿಯತೊಡಗಿದ. ಪಕ್ಕದವನು ಬಡಿದ. ತಿರುವಿನ ಉದ್ದಕ್ಕೂ ಮುದುಕರು, ಮುದುಕಿಯರು, ಅಡುಗೆಮನೆಯ ಅಷ್ಟೂ ಮುಚ್ಚಳಗಳು ಸೇರಿ ಎಬ್ಬಿಸಿದ ಸದ್ದಿಗೆ ಮೈದಾನದ ಪಾರಿವಾಳಗಳೆಲ್ಲ ಎದ್ದುಹೋದವು. ಗಾರ್ತ್ ಟ್ರ್ಯಾಕ್‌ನ ನಡುವೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ದೂರದಿಂದಲೂ ಅವನ ಕುತ್ತಿಗೆ ಕೆಂಪಾದುದು ಕಾಣುತ್ತಿತ್ತು. ಕೊನೆಗೆ ಅವನು ಟ್ರ್ಯಾಕ್ಟರಿನವನ ಕಡೆ ತಿರುಗಿ ಕೈಯಾಡಿಸಿದ. ಕಬ್ಬಿಣದ ಅಲಗು ಬೇಲಿಯ ಬುಡದಿಂದ ಕೆಂಪು ಮಣ್ಣನ್ನು ಎಳೆದು ಹರಡುತ್ತಾ ಹೊರಟಿತು.

ಗಾಜಿನ ಬಾಗಿಲು ತೆರೆಯಿತು. ಹೊಸಬರಲ್ಲಿ ಅರ್ಧ ಜನ ಗೇಟಿನ ಕಡೆಗೇ ಹೋದರು, ಅದು ಲಿನೆಟ್‌ಗೆ ಕಂಡಿತು. ಉಳಿದವರು ಬಂದರು. ಒಂದೇ ಕೆನ್ನೆಯಲ್ಲಿ ಚಿಪ್ಸ್ ಅಗಿಯುತ್ತಾ ಆ ದಪ್ಪ ಮನುಷ್ಯ ಬಂದು ಅವಳಿಗೆ ಕತ್ತು ಬಗ್ಗಿಸಿದ. ಇಮೋಜೆನ್ ಬಂದು ಬೇಲಿಗೆ ಆನಿಕೊಂಡೇ ನಿಂತಳು. ಆ ಜಾಕೆಟ್ಟನ್ನು ನೋಡಿದ ವಿಲ್ಫ್ ಮರುಗಿ ತನ್ನ ಹಲಗೆಯನ್ನು ಮುಂದೆ ಹಿಡಿದ.

'ಇದನ್ನ ಅಡ್ಡ ಹಿಡ್ಕೊಳ್ಳಮ್ಮ. ಬಂದಾಗ ಬೆನ್ನು ತಿರುಗ್ಸು.'

'ಬೆನ್ನು ತಿರುಗ್ಸಿದ್ರೆ ಏನು ಕಾಣುತ್ತೆ?' ಎಂದಳು ಇಮೋಜೆನ್.

ಓಟದ ಗೆರೆಗೆ ಅಡ್ಡ ಕಟ್ಟಿದ್ದ ಪಟ್ಟಿಗಳು ಮೇಲೆ ಹಾರಿದವು. ಥಾರ್ಬಿಯ ಕೆಂಪು ಹೆಲ್ಮೆಟ್ಟಿನವನು, ಆಸ್ಮುಸ್ ಎಂಬ ಡೆನ್ಮಾರ್ಕಿನ ಹುಡುಗ, ಎಲ್ಲರಿಗಿಂತ ಹಿಂದೆ ಬಿದ್ದ. ಹಿಂದೆ ಬಿದ್ದವನು ಒಳಗೆ ಜಾಗ ಹುಡುಕಲಿಲ್ಲ. ಬೇಲಿಯನ್ನೇ ನಂಬಿಕೊಂಡು ಹೊರಗಿನ ದಪ್ಪ ಮಣ್ಣಿಗೆ ಗಾಡಿಯನ್ನು ಅಡ್ಡ ಎಸೆದ. ಲಿನೆಟ್‌ಗೆ ಆ ಸದ್ದು ಕಿವಿಗಿಂತ ಮೊದಲು ಎದೆಗೆ ಬಂತು. ಸುಟ್ಟ ಹರಳೆಣ್ಣೆಯಂಥ ವಾಸನೆ ಬಂತು. ಸುತ್ತಲಿನವರೆಲ್ಲ ಒಟ್ಟಿಗೆ ಬೆನ್ನು ತಿರುಗಿಸಿದರು, ಮುಚ್ಚಳಗಳು ಮುಚ್ಚಿದವು. ಅವಳೂ ಅಭ್ಯಾಸಬಲದಿಂದ ಅರ್ಧ ತಿರುಗಿ, ಪಕ್ಕದಲ್ಲಿ ತಿರುಗದೆ ನಿಂತ ಕೆನೆಬಣ್ಣವನ್ನು ಕಂಡು, ತಾನೂ ತಿರುಗದೆ ನಿಂತಳು. ಮಣ್ಣು ಬಂತು. ಮುಖಕ್ಕೆ, ಕುತ್ತಿಗೆಗೆ, ಬಾಯಿಗೆ, ಹಿಡಿ ಹಿಡಿಯಾಗಿ. ಕಣ್ಣು ತೆರೆದಾಗ ಕೆಂಪು ಹೆಲ್ಮೆಟ್ಟು ಮೂರನೆಯದಾಗಿತ್ತು. ಮುಂದಿನ ಸುತ್ತಿಗೆ ಎರಡನೆಯದು. ಕೊನೆಯ ಸುತ್ತಿನಲ್ಲಿ ಇದೇ ತಿರುವಿನಲ್ಲಿ ಮತ್ತೆ ಬೇಲಿ ಸವರಿಕೊಂಡು ಹೋಗಿ, ಒಂದು ಚಕ್ರದಷ್ಟು ಮುಂದೆ, ಆಸ್ಮುಸ್ ಮೊದಲಿಗನಾದ. ಗೆದ್ದವನ ಹೆಸರನ್ನು ಲಿನೆಟ್ ಮೈಕಿನಲ್ಲಿ ಕೂಗಿದಳು, ಬಾಯಲ್ಲಿ ಮಣ್ಣಿಟ್ಟುಕೊಂಡೇ.

ಆಮೇಲೆ ಧೈರ್ಯ ಮಾಡಿ ಪಕ್ಕಕ್ಕೆ ನೋಡಿದಳು. ಜಾಕೆಟ್ಟಿನ ಬಣ್ಣ ಯಾವುದಿತ್ತೆಂದು ಈಗ ಹೇಳುವ ಹಾಗಿರಲಿಲ್ಲ. ಇಮೋಜೆನ್ ನಾಲಿಗೆಯ ತುದಿಯಿಂದ ಒಂದು ಕೆಂಪು ಕಾಳು ತೆಗೆದು ಅಂಗೈ ಮೇಲಿಟ್ಟು, ಕಿತ್ತ ಹಲ್ಲಿನ ಚೂರನ್ನು ನೋಡುವ ಹಾಗೆ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಆ ಅಂಗೈ, ಆ ಕೆಂಪು. ಲಿನೆಟ್ ತನಗೆ ಬರಬೇಕಾದ ಕರುಣೆಗಾಗಿ ಕಾದಳು.

'ಮುಂದಿನದು ಯಾವಾಗ?' ಎಂದು ಕೇಳಿದಳು ಇಮೋಜೆನ್. 'ಅಯ್ಯೋ, ಆ ಟ್ರ್ಯಾಕ್ಟರ್ ಈಗ್ಲೇ ಯಾಕೆ ಬಂತು?'

'ನೋಡಿದ್ಯಾ, ನಮ್ಮ ಪೈಕಿಯವ್ಳೇ ಆಗೋದ್ಲು,' ಎಂದ ವಿಲ್ಫ್.

ಎಲ್ಲ ಮುಗಿದು ಜನ ಹೊರಡುವಾಗ, ಇನ್ನೂ ಆಕಾಶದಲ್ಲಿ ಬೆಳಕಿರುವಾಗಲೇ, ಗಾರ್ತ್ ಅವಳನ್ನು ತಡೆದ. 'ಎಲ್ರ ಮುಂದೆ ನನ್ನ ಮಾನ ಕಳೆದೆಯಲ್ಲೇ. ಬಂದೋರಲ್ಲಿ ಅರ್ಧ ಜನ ಮನೆಗೆ ಹೋದ್ರು.'

'ಅರ್ಧ ಜನ ಹೋಗ್ಲಿಲ್ಲವಲ್ಲ. ಅವ್ರನ್ನ ಲೆಕ್ಕ ಹಾಕು.'

'ಸೆಪ್ಟೆಂಬರಿಗೆ ಏನ್ಮಾಡೋಣ?'

'ಸೆಪ್ಟೆಂಬರ್ದು ಸೆಪ್ಟೆಂಬರಲ್ಲಿ. ಮುಂದಿನ ಗುರುವಾರ ನೀನು ಆ ಮಣ್ಣು ಕೆರೆಸಿದ್ರೆ ನಾನು ಮೈಕ್ ಮುಟ್ಟಲ್ಲ ನೋಡು,' ಎಂದಳು. ಅವನು ಅವಳ ಮುಖ ನೋಡಿ ನಕ್ಕುಬಿಟ್ಟ. ಆ ಮುಖದಲ್ಲಿ ಕಣ್ಣೆರಡು ಬಿಟ್ಟು ಉಳಿದದ್ದೆಲ್ಲ ಟ್ರ್ಯಾಕ್ ಆಗಿತ್ತು.

ಮನೆಗೆ ಹೋದವಳು ಎಂದಿನಂತೆ ನೇರ ಬಚ್ಚಲಿಗೆ ಹೋದಳು. ನಲ್ಲಿಯ ಮೇಲೆ ಕೈಯಿಟ್ಟಳು. ಮುಖ ತೊಳೆದಳು, ಕೈ ತೊಳೆದಳು, ಆಸ್ಪತ್ರೆಗೆ ಹೋಗುವವಳು ಅಷ್ಟನ್ನಾದರೂ ಮಾಡಬೇಕು. ತಲೆಗೆ ನೀರು ಹಾಕಿಕೊಳ್ಳಲಿಲ್ಲ. ಕನ್ನಡಿಯಲ್ಲಿ ಅವಳ ನರೆತ ಕೂದಲು ಅಲ್ಲಲ್ಲಿ ಕೆಂಪಾಗಿತ್ತು. ಅಪ್ಪನ ನಗು ನೆನಪಾಗಿ ಅವಳಿಗೆ ತುಂಬ ಸಂತೋಷವಾಯಿತು, ಹೇಳಿಕೊಳ್ಳಲು ಯಾರೂ ಇಲ್ಲದಿದ್ದರೂ ಅವಳು ಅದನ್ನು ಬಾಯಿಬಿಟ್ಟು ಹೇಳಿಕೊಂಡಳು.

ಶುಕ್ರವಾರ ಬೆಳಿಗ್ಗೆ ಆಸ್ಪತ್ರೆಗೆ ಅವಳಿಗಿಂತ ಮೊದಲೇ ಇಮೋಜೆನ್ ಬಂದಿದ್ದಳು. ಅದೇ ಸೋಪಿನ ವಾಸನೆ, ಅದೇ ಬಿಳಿ ಅಂಗಿ. ಕಿವಿಯ ಹಿಂದೆ ಮಾತ್ರ ಒಂದು ಕೆಂಪು ಗೆರೆ ಉಳಿದಿತ್ತು. ಲಿನೆಟ್ ಹತ್ತಿರ ಹೋಗಿ ಮೆಲ್ಲಗೆ, 'ಡಾಕ್ಟ್ರೇ, ಕಿವಿ ಹಿಂದೆ ಸ್ವಲ್ಪ ಉಳ್ಕೊಂಡಿದೆ,' ಎಂದಳು.

'ಗೊತ್ತು,' ಎಂದಳು ಇಮೋಜೆನ್, ಒರೆಸಿಕೊಳ್ಳದೆ. 'ಎಷ್ಟು ತೊಳೆದ್ರೂ ಅಲ್ಲೊಂದು ಕಡೆ ಹೋಗಲ್ಲ. ನಿಮ್ಗೂ ಹೋಗಲ್ಲ ಲಿನೆಟ್. ನಾನು ಇಲ್ಲಿಗೆ ಬಂದಾಗಿಂದ ಪ್ರತಿ ಶುಕ್ರವಾರ ನೋಡ್ತಿದ್ದೀನಿ. ಇದ್ಯಾವ ಚರ್ಚಪ್ಪಾ, ಹಾಡಿದ್ರೆ ಕಿವಿ ಹಿಂದೆ ಮಣ್ಣು ಬರುತ್ತಲ್ಲ ಅಂತ ಯೋಚ್ನೆ ಮಾಡ್ತಿದ್ದೆ. ಕೇಳೋಕೆ ಸಂಕೋಚ ಆಗ್ತಿತ್ತು.'

ಲಿನೆಟ್‌ನ ಕೈ ತಾನಾಗಿಯೇ ಕಿವಿಯ ಹಿಂದೆ ಹೋಯಿತು. ಅಷ್ಟು ವರ್ಷದ ನೀರು, ಅಷ್ಟು ವರ್ಷದ ಸುಳ್ಳು, ಎಲ್ಲದರ ಹಿಂದೆ ಅದು ಆರಾಮಾಗಿ ಕೂತಿತ್ತು, ಎಲ್ಲರಿಗೂ ಕಾಣುವ ಹಾಗೆ. ಅವಳು ನಗತೊಡಗಿದಳು. ನಗುತ್ತಿರುವಾಗಲೇ ಬಾಗಿಲ ಗಂಟೆ ಸದ್ದಾಯಿತು. ದಿನದ ಮೊದಲ ರೋಗಿ, ಇಸ್ತ್ರಿ ಮಾಡಿದ ಕೋಟಿನ ಒಬ್ಬ ಹೆಂಗಸು, ಮೇಜಿನ ಮುಂದೆ ಬಂದು ಹೆಸರು ಹೇಳಿ, ಲಿನೆಟ್‌ನ ತಲೆಯನ್ನೇ ನೋಡುತ್ತಾ ನಿಂತಳು.

'ತಪ್ಪು ತಿಳ್ಕೋಬೇಡಿ, ನಿಮ್ಮ ಕೂದ್ಲಲ್ಲಿ ಏನೋ ಕೆಂಪಗಿದೆಯಲ್ಲ.'

'ಸ್ಪೀಡ್‌ವೇ,' ಎಂದಳು ಲಿನೆಟ್.

ಹೆಂಗಸಿನ ಹುಬ್ಬು ಮೇಲೇರಿತು. 'ಅದು ಇನ್ನೂ ನಡೀತಿದೆಯಾ?'

'ನಡೀತಿದೆ,' ಎಂದಳು ಲಿನೆಟ್, ಮೈಕಿನ ದನಿಯಲ್ಲಿ, ಒಳಗಿನ ಕೋಣೆಗೂ ಕೇಳುವ ಹಾಗೆ. 'ಗುರುವಾರ ಏಳೂವರೆಗೆ. ಮೊದಲ ತಿರುವಲ್ಲಿ ನಿಂತ್ಕೊಳ್ಳಿ. ಬರೋವಾಗ ಮನೆಯಿಂದ ಒಂದು ಮುಚ್ಚಳ ತನ್ನಿ.'